ನಾಲ್ಕು ದಿನಕ್ಕಾಗುವಷ್ಟು ಮಾತು

ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹಿತ್ತಿಲ ಶೆಡ್ಡಿನ ಬಾಗಿಲಿಗೆ ಬಂದ ಸರ್ವಮಂಗಳ ಸೆರಗಿನಿಂದ ಮೂಗು ಮುಚ್ಚಿಕೊಂಡು, "ರೀ, ಇಲ್ಲಿ ಮೀನಿನ ವಾಸನೆ ಬರ್ತಿದೆ" ಎಂದಳು.

ಗುರುಮಲ್ಲಪ್ಪ ತಲೆ ಎತ್ತಲಿಲ್ಲ. ಅಂದಿಗೆ ಮೂವತ್ತನಾಲ್ಕನೆಯ ದಿನ. ಮೂವತ್ತಮೂರು ದಾಟಿತೆಂದರೆ ಹೆಂಡತಿಯ ಬಾಯಲ್ಲಿ ಒಂದು ಪದದ ಜಾಗಕ್ಕೆ ಇನ್ನೊಂದು ಬಂದು ಕೂರುವುದು ಅವನಿಗೆ ಎಷ್ಟೋ ವರ್ಷದಿಂದ ರೂಢಿ. ಹೋದ ಸಲ ಒಗ್ಗರಣೆಗೆ ಸೂಜಿ ಕೊಡಿ ಎಂದಿದ್ದಳು. ಅದರ ಹಿಂದಿನ ಸಲ ಪಕ್ಕದ ಮನೆಯ ವಿಮಲಮ್ಮನನ್ನು ಇಡೀ ದಿನ ವಿಮಾನ ಎಂದು ಕರೆದದ್ದಕ್ಕೆ, ಆಕೆ ಮುಖ ಊದಿಸಿಕೊಂಡು ಒಂದು ವಾರ ಈ ಕಡೆ ತಲೆ ಹಾಕಿರಲಿಲ್ಲ.

"ಮೀನಲ್ಲ, ಸೀಸ. ಬೆಸುಗೆ ಹಾಕ್ತಿದ್ನಲ್ಲ, ಅದರ ಹೊಗೆ" ಎಂದು ತಿದ್ದಿದ.

"ನಿಮ್ಮ ಸೀಸದ ವಾಸನೆ ನಂಗೊತ್ತಿಲ್ವಾ? ಇದು ಮೀನು."

"ಆಯ್ತಮ್ಮ, ಮೀನು."

ಗಂಡಸರು ಆಯ್ತಮ್ಮ ಎನ್ನುವುದರಲ್ಲಿ ಎಷ್ಟು ಉಡಾಫೆ ಇರುತ್ತದೆಂದು ಸಂಸಾರ ಮಾಡಿದ ಹೆಂಗಸರಿಗೆಲ್ಲ ಗೊತ್ತು. ಅವಳು ಲೋಟವನ್ನು ಬೆಂಚಿನ ಮೇಲೆ ಕುಕ್ಕಿ ಹೋದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಹಳೆಯ ಕಂಪ್ಯೂಟರಿನ ಕೆಪಾಸಿಟರುಗಳು ಊದಿಕೊಂಡು ಒಳಗಿನ ರಸ ಸೋರಲು ಶುರುವಾದರೆ ಥೇಟ್ ಮೀನಿನ ವಾಸನೆಯೇ ಬರುವುದು, ಅದು ರಿಪೇರಿ ಮಾಡುವವರಿಗೆಲ್ಲ ತಿಳಿದ ವಿಷಯ. ಗುರುಮಲ್ಲಪ್ಪನಿಗೂ ತಿಳಿದಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಬಂದ ಜ್ವರ ಅವನ ಮೂಗನ್ನು ಕೆಡಿಸಿ ಹೋಗಿತ್ತು; ಹೆಂಡತಿಯ ಮೂಗನ್ನು ನಂಬಬಹುದಿತ್ತು, ಅವಳ ಮಾತನ್ನು ನಂಬಲಿಲ್ಲ.

ಸೋಮವಾರ ಹತ್ತು ಗಂಟೆಗೆ ಅವನು 'ಅಜ್ಜಯ್ಯ'ನ ಸ್ವಿಚ್ಚು ಹಾಕಿದ. ಆ ಮನೆಯಲ್ಲಿ ಅಜ್ಜಯ್ಯ ಎಂದರೆ ಮರದ ಮೇಜಿನ ಮೇಲೆ ಕೂತ ಬೂದು ಬಣ್ಣದ ಮುದಿ ಕಂಪ್ಯೂಟರು. ಟಪ್ ಎಂದು ಒಂದು ಸಣ್ಣ ಸದ್ದಾಯಿತು. ಪರದೆಯ ಮೇಲೆ ಬಿಳಿ ಗೆರೆಯೊಂದು ಎದ್ದು ಚುಕ್ಕಿಯಾಗಿ ಆರಿಹೋಯಿತು. ವೈರು ಕಿತ್ತು ಮುಚ್ಚಳ ಬಿಚ್ಚಿದ. ಪವರ್ ಸಪ್ಲೈಯ ಕೆಪಾಸಿಟರುಗಳ ಬುಡದಲ್ಲೆಲ್ಲ ಕಂದು ಅಂಟು. ಐದು ವೋಲ್ಟ್ ಬರಬೇಕಾದ ತಂತಿಯಲ್ಲಿ ಅದರ ಎರಡರಷ್ಟು ನುಗ್ಗಿತ್ತು. ಒಳಗಿದ್ದ ಕಾರ್ಡಿನ ಮೇಲಿನ ಒಂದು ಐಸಿಯನ್ನು, ಮಾಹಿತಿ ಹಿಡಿದಿಡುವ ಚಿಪ್ಪನ್ನು, ಮುಟ್ಟಿದ, ಬೆರಳು ಸುಟ್ಟಿತು. ಉಳಿದದ್ದು ಏನು ಸುಟ್ಟಿದ್ದರೂ ಅವನು ಸರಿ ಮಾಡುತ್ತಿದ್ದ. ಅದೊಂದು ಸುಡಬಾರದಿತ್ತು.

ಆ ಐಸಿಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಸರ್ವಮಂಗಳಳಿಗೆ ಇಪ್ಪತ್ತಾರು ವರ್ಷವಾಗಿದ್ದಾಗ ಮಿದುಳು ಜ್ವರ ಬಂದು ಮಾತು ಹೋಯಿತು. ಬೇರೆಯವರು ಹೇಳಿದ್ದೆಲ್ಲ ತಿಳಿಯುತ್ತಿತ್ತು, ತನ್ನದು ಬರುತ್ತಿರಲಿಲ್ಲ. ಬರೆಯಲು ಕೂತರೂ ಅಷ್ಟೇ, ಪೆನ್ನು ಕಾಗದದ ಮೇಲೆ ನಿಂತುಬಿಡುತ್ತಿತ್ತು. ಮಾತೂ ಬರಹವೂ ಹೊರಡುವ ಜಾಗವೇ ಹಾಳಾಗಿತ್ತು. ಆ ಕಾಲಕ್ಕೆ ಮೈಸೂರಿನಲ್ಲಿ ಡಾಕ್ಟರ್ ದೇಶಿಕಾಚಾರ್ ಎನ್ನುವವರು ಒಂದು ಪುಟ್ಟ ಪ್ರಯೋಗಾಲಯ ಇಟ್ಟುಕೊಂಡಿದ್ದರು. ಹಾಳಾದ ಜಾಗವನ್ನು ಸುತ್ತುಹಾಕಿಕೊಂಡು ಮಾತನ್ನು ಹೊರಗೆ ತರುವ ಬಿಲ್ಲೆಯೊಂದನ್ನು ಅವರು ಮಾಡಿದ್ದರು. ಎಂಟಾಣೆ ಅಗಲದ ಅದನ್ನು ಕಿವಿಯ ಹಿಂದೆ ಚರ್ಮದ ಕೆಳಗೆ ಇಡುತ್ತಿದ್ದರು. ಮಿದುಳಿನ ಯಾವ ಮಿಡಿತಕ್ಕೆ ಯಾವ ಜಾಗವನ್ನು ತಟ್ಟಬೇಕು ಎಂಬ ಪಟ್ಟಿ ಬಿಲ್ಲೆಗೆ ಬೇಕು. ಆ ಪಟ್ಟಿ ಒಬ್ಬೊಬ್ಬರಿಗೆ ಒಂದೊಂದು. ಡಾಕ್ಟರು ರೋಗಿಯ ಎದುರು ಆರಾರು ತಿಂಗಳು ಕೂತು ಅದನ್ನು ತಯಾರಿಸುತ್ತಿದ್ದರು.

ಬಿಲ್ಲೆಯ ದೋಷ ಒಂದೇ. ತುಂಬಿಸಿದ ಪಟ್ಟಿ ಅದರಲ್ಲಿ ನಲವತ್ತು ದಿನಕ್ಕಿಂತ ನಿಲ್ಲುವುದಿಲ್ಲ, ಸೋರಿಹೋಗುತ್ತದೆ. ಅಷ್ಟರೊಳಗೆ ಅಜ್ಜಯ್ಯನ ಮುಂದೆ ಕೂತು, ಕಿವಿಯ ಹಿಂದೆ ತಂತಿಯ ಸುರುಳಿ ಒತ್ತಿಕೊಂಡು ಮತ್ತೆ ತುಂಬಿಸಿಕೊಳ್ಳಬೇಕು. ಬಿಲ್ಲೆ ಪಟ್ಟಿಯನ್ನು ತೆಗೆದುಕೊಳ್ಳುತ್ತದೆಯೇ ಹೊರತು ಹಿಂದಕ್ಕೆ ಕೊಡುವುದಿಲ್ಲ. ಸುಧಾರಿಸೋಣ ಎನ್ನುತ್ತಿದ್ದ ಡಾಕ್ಟರು ಹತ್ತೊಂಬತ್ತು ಜನಕ್ಕೆ ಬಿಲ್ಲೆ ಹಾಕಿ ಒಂದು ದಿನ ಹೃದಯ ನಿಂತು ಹೋಗಿಬಿಟ್ಟರು. ಪ್ರಯೋಗಾಲಯಕ್ಕೆ ಬೀಗ ಬಿತ್ತು. ಅಲ್ಲಿ ಉಪಕರಣಗಳ ಮೆಕ್ಯಾನಿಕ್ ಆಗಿದ್ದ ಗುರುಮಲ್ಲಪ್ಪ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಊರಂಚಿನ ಹೆಬ್ಬಾಳಿನ ತನ್ನ ಮನೆಗೆ ತಂದ. ಅಷ್ಟರಲ್ಲಿ ನಾಲ್ಕನೇ ನಂಬರಿನ ರೋಗಿಯನ್ನು ಮದುವೆಯೂ ಆಗಿದ್ದ. ಬಿಲ್ಲೆ ಹಾಕಿದ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು, "ಆ ದೀಪ ಕಣ್ಣಿಗೆ ಹೊಡೀತಿದೆ, ಆರಿಸ್ರೀ" ಎಂದು ಅವನನ್ನೇ ಗದರಿದ್ದು.

ಹತ್ತೊಂಬತ್ತರಲ್ಲಿ ಈಗ ಉಳಿದಿದ್ದವರು ಇಬ್ಬರು. ಒಬ್ಬಳು ಸರ್ವಮಂಗಳ. ಇನ್ನೊಬ್ಬರು ಹದಿನೈದನೇ ನಂಬರಿನ ಜಲೀಲ್ ಸಾಹೇಬರು, ನರಸೀಪುರದ ಕಡೆಯ ನಿವೃತ್ತ ಬಸ್ ಕಂಡಕ್ಟರು. ಎಲ್ಲರ ಪಟ್ಟಿಯೂ ಆ ಒಂದೇ ಐಸಿಯಲ್ಲಿತ್ತು. ಅದನ್ನು ಹೊಸ ಕಂಪ್ಯೂಟರಿಗೆ ಇಳಿಸಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಇಳಿಸಬಹುದಿತ್ತು, ಒಂದು ಮಧ್ಯಾಹ್ನದ ಕೆಲಸ. ಆದರೆ ಚೆನ್ನಾಗಿ ಓಡುತ್ತಿರುವ ಯಂತ್ರದ ಸ್ಕ್ರೂ ಮುಟ್ಟಬೇಡ ಎಂದು ಕೆಲಸ ಕಲಿಸಿದವರು ಹೇಳಿದ್ದನ್ನು ಅವನು ವ್ರತದಂತೆ ಪಾಲಿಸಿಕೊಂಡು ಬಂದಿದ್ದ. ಮೇಲಾಗಿ ಡಾಕ್ಟರು ಅದರದೇ ನಕಲು ಇನ್ನೊಂದು ಐಸಿಯನ್ನು ಅವನ ಕೈಗೆ ಕೊಟ್ಟು ಹೋಗಿದ್ದರು. ಆ ಧೈರ್ಯದ ಮೇಲೆ ಅವನು ಇಷ್ಟು ವರ್ಷ ನೆಮ್ಮದಿಯಾಗಿದ್ದ.

ಆ ಎರಡನೇ ಐಸಿ ದೇವರಮನೆಯಲ್ಲಿತ್ತು.

ಗುರುಮಲ್ಲಪ್ಪ ಕೈ ತೊಳೆದುಕೊಂಡು ಒಳಗೆ ಹೋದ. ಪೂರ್ವದ ಕಿಟಕಿಯ ಕೆಳಗಿನ ಮಣೆಯ ಮೇಲೆ, ಪುಟ್ಟ ಬಸವಣ್ಣನ ಪಕ್ಕ, ಮುಚ್ಚಳವಿಲ್ಲದ ಬೆಳ್ಳಿ ಕುಂಕುಮದ ಭರಣಿಯಲ್ಲಿ ಅದು ಮಲಗಿತ್ತು. ತನ್ನ ಮಾತು ಇದರಲ್ಲಿದೆ ಎಂದು ಗೊತ್ತಾದ ದಿನದಿಂದ ಸರ್ವಮಂಗಳ ಅದಕ್ಕೆ ದಿನಾ ಹೂವೇರಿಸುತ್ತಿದ್ದಳು. ಆಯುಧ ಪೂಜೆಯ ದಿನ ಅವನು ಶೆಡ್ಡಿನ ಮೀಟರಿಗೂ ಬೆಸುಗೆಯ ಕಡ್ಡಿಗೂ ಕುಂಕುಮ ಹಚ್ಚುವಾಗ, ಅವಳು ಇಲ್ಲಿ ಇದಕ್ಕೆ ಹಚ್ಚುತ್ತಿದ್ದಳು. ಅವನು ಐಸಿಯನ್ನು ಎತ್ತಿ ಬೆಳಕಿಗೆ ಹಿಡಿದ.

ಆ ಕಾಲದ ಐಸಿಗಳ ಬೆನ್ನಿನ ಮೇಲೆ ಒಂದು ಸಣ್ಣ ಗಾಜಿನ ಕಿಟಕಿ ಇರುತ್ತದೆ. ಒಳಗಿನ ಮಾಹಿತಿ ಎಂದರೆ ಕೂಡಿಟ್ಟ ಚೂರು ಚೂರು ವಿದ್ಯುತ್ತು, ಅಷ್ಟೇ. ಬಿಸಿಲು ಆ ಗಾಜಿನೊಳಗೆ ಬಿದ್ದರೆ ಅದು ನಿಧಾನಕ್ಕೆ ಖಾಲಿಯಾಗುತ್ತದೆ. ಬೀಳದಿರಲೆಂದೇ ಮೇಲೊಂದು ಕಾಗದ ಅಂಟಿಸಿರುತ್ತಾರೆ. ಈಗ ಆ ಕಾಗದ ಇರಲಿಲ್ಲ. ಗಾಜಿನ ಬಲ ಅರ್ಧದಲ್ಲಿ ಎಣ್ಣೆಯಲ್ಲಿ ಕಲಸಿದ ಕುಂಕುಮ ವರ್ಷಗಟ್ಟಲೆ ಪದರ ಪದರವಾಗಿ ಗಟ್ಟಿಯಾಗಿತ್ತು. ಎಡ ಅರ್ಧ ಒರೆಸಿ ಒರೆಸಿ ಫಳಫಳ ಹೊಳೆಯುತ್ತಿತ್ತು. ಯಾವಾಗಲೋ ಒಂದು ಹಬ್ಬದಲ್ಲಿ ಅವಳು, "ಅದರ ಮೇಲೊಂದು ಕೊಳಕು ಕಾಗದ ಇತ್ತು, ಕಿತ್ತು ಹಾಕ್ದೆ, ಒಳಗೆ ಪುಟ್ಟ ಕನ್ನಡಿ ಇದೆ ನೋಡಿ" ಎಂದದ್ದೂ, ತಾನು ಪೇಪರು ಓದುತ್ತಾ ಹೂಂಗುಟ್ಟಿದ್ದೂ ಅವನಿಗೆ ನೆನಪಾಯಿತು. ಕಾಗದ ಏಕಿದೆ ಎಂದು ಅವನು ಅವಳಿಗೆ ಒಮ್ಮೆಯೂ ಹೇಳಿರಲಿಲ್ಲ. ಪ್ರತಿದಿನ ಬೆಳಗ್ಗೆ ಬಿಸಿಲು ಮೊದಲು ಬೀಳುತ್ತಿದ್ದುದು ಆ ಮಣೆಯ ಮೇಲೆಯೇ.

"ಅದನ್ಯಾಕೆ ತೆಗೆದ್ರಿ?" ಅಡಿಗೆಮನೆಯಿಂದ ಸರ್ವಮಂಗಳ ಕೇಳಿದಳು.

"ಅಜ್ಜಯ್ಯ ಕೆಟ್ಟಿದೆ. ಇದನ್ನ ಹಾಕ್ಬೇಕು."

"ಸದ್ಯ, ಇದಿದ್ಯಲ್ಲ" ಎಂದಳು.

ಶೆಡ್ಡಿನಲ್ಲಿ ಅದನ್ನು ಓದುವ ಸಲಕರಣೆಗೆ ಸಿಕ್ಕಿಸಿದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಮೊದಲಿಂದ ಕೊನೆಯವರೆಗೆ ಒಂದೇ ಅಕ್ಷರ. ಎಲ್ಲ ಖಾಲಿ. ಆಮೇಲೆ ಒಳಗೆ ಹೋಗಿ ಅವಳಿಗೆ ವಿಷಯ ಹೇಳಿದ. ಕಾರಣ ಮಾತ್ರ ಹೇಳಲಿಲ್ಲ.

"ಏನಾಗಿದೆ ಅದಕ್ಕೆ?"

"ವಯಸ್ಸಾಗಿತ್ತು ಮಂಗಳ. ಇಷ್ಟು ವರ್ಷ ಇದ್ದಿದ್ದೇ ಹೆಚ್ಚು."

ಅವಳು ಗ್ಯಾಸ್ ಆರಿಸಿದಳು. ಬೆರಳು ಮಡಿಸಿ ಎಣಿಸಿದಳು. "ಇವತ್ತು ಮೂವತ್ತಾರು. ಇನ್ನು ನಾಲ್ಕು ದಿನ" ಎಂದಳು. ನಿನ್ನ ಪೂಜೆಯಿಂದಲೇ ಅದು ಹೋಯಿತು ಎಂದು ಆ ಮುಖಕ್ಕೆ ಹೇಳುವ ಎದೆ ಅವನಿಗಿರಲಿಲ್ಲ. ಇರುವ ನಾಲ್ಕು ದಿನ ಅವಳು ಅದನ್ನೇ ಕೊರಗಿ ಕಳೆಯುವುದು ಬೇಡ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಒಂದು ದಾರಿ ಉಳಿದಿತ್ತು. ಅರ್ಧ ಸೋರಿಹೋದ ವಿದ್ಯುತ್ತು ಐದು ವೋಲ್ಟಿನಲ್ಲಿ ಓದಿದರೆ ಖಾಲಿ ಎಂದೇ ಕಾಣುತ್ತದೆ. ವೋಲ್ಟೇಜನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಇಳಿಸುತ್ತಾ ಹೋದರೆ ಬಡಕಲು ಚೂರುಗಳೂ ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. ಅದಕ್ಕೆ ಅಲುಗಾಡದೆ ನಿಲ್ಲುವ ಪವರ್ ಸಪ್ಲೈ ಬೇಕು. ಬೆಂಚಿನ ಮೇಲಿದ್ದ ಅವನ ಸಪ್ಲೈಯ ತಿರುಪು ಧೂಳು ಕುಡಿದು ನಾಲ್ಕು ಎಂದರೆ ಆರಕ್ಕೆ ಹಾರುತ್ತಿತ್ತು. ಮೊದಲು ಹತ್ಯಾರು ಸರಿ ಮಾಡಿಕೊಳ್ಳಬೇಕಾಯಿತು. ತಿರುಪು ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆದ. ಅದು ಸರಿಯಿದೆಯೋ ನೋಡಲು ಮೀಟರ್ ಬೇಕು, ಮೀಟರ್ ಸರಿಯಿದೆಯೋ ನೋಡಲು ಇನ್ನೊಂದು ಮೀಟರ್ ಬೇಕು. ಮೂರು ಮೀಟರು ಸಾಲಾಗಿಟ್ಟು, ಎರಡು ಒಂದೇ ಹೇಳುವವರೆಗೆ ಬ್ಯಾಟರಿ ಬದಲಾಯಿಸಿದ. ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪು ಬಿಸಿಯಾಗಿ ಗೆರೆ ಎಳೆಯಲು ಅರ್ಧ ಗಂಟೆ ಕಾದ. ಇದರಲ್ಲೇ ಸೋಮವಾರ ಕೈಬಿಟ್ಟಿತು.

ಮಂಗಳವಾರ ಬೆಳಿಗ್ಗೆ ಅವನು ಫೋನು ಹಿಡಿದು ಅಡಿಗೆಮನೆಗೆ ಹೋದ. "ಏನಾದ್ರೂ ಮಾತಾಡು, ರೆಕಾರ್ಡ್ ಮಾಡ್ಕೋತೀನಿ" ಎಂದ.

"ಯಾಕೆ, ಆಮೇಲೆ ಹಾಕ್ಕೊಂಡು ಕೇಳೋಕಾ? ನೀವು ಏನಾದ್ರೂ ಕೇಳಿದ್ರೆ ಅದು ಉತ್ತರ ಕೊಡುತ್ತಾ?"

"ಹಾಗಲ್ಲ..."

"ಆ ಫೋನು ಒಳಗಿಡಿ. ಇಲ್ಲಿ ಬಂದು ಸಾರು ಮಾಡೋದು ಕಲೀರಿ. ಪುಡಿ ಎಷ್ಟು, ಹುಣಸೆಹಣ್ಣು ಎಷ್ಟು ಅಂತ ಆಮೇಲೆ ಕೈಸನ್ನೆ ಮಾಡ್ಕೊಂಡು ಕೂರಕ್ಕೆ ನನ್ ಕೈಲಾಗಲ್ಲ."

ಅವನು ಕಲಿತ. ಬೇಳೆ ಸೀಯಿಸಿ ಬೈಸಿಕೊಂಡ. ಬೈಗುಳದಲ್ಲಿ ಎರಡು ಪದದ ಜಾಗಕ್ಕೆ ಆಗಲೇ ಬೇರೆ ಪದ ಬಂದಿದ್ದವು, ಇಬ್ಬರೂ ಅದನ್ನು ಕೇಳಿಸಿಕೊಳ್ಳದವರಂತೆ ಇದ್ದರು. ಮಧ್ಯಾಹ್ನ ಅವಳು ಚಾಮರಾಜನಗರದಲ್ಲಿದ್ದ ಅಕ್ಕ ಗೌರಾಂಬಳಿಗೆ ಫೋನು ಮಾಡಿ ಎರಡು ಗಂಟೆ ಮಾತಾಡಿದಳು. ತನಗೆ ಏನಾಗುತ್ತಿದೆ ಎಂಬುದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದಳು.

ಶೆಡ್ಡಿನಲ್ಲಿ ಗುರುಮಲ್ಲಪ್ಪ ನಾಲ್ಕೂವರೆ ವೋಲ್ಟಿಗೆ ಇಳಿಸಿದ. ಖಾಲಿ ಪರದೆಯ ಕೆಳಭಾಗದಲ್ಲಿ ಅಂಕಿಗಳು ಮೂಡಿದವು. ನಾಲ್ಕೂ ಕಾಲಿಗೆ ಇಳಿಸಿದ. ಹದಿಮೂರನೇ ನಂಬರು ಬಂತು, ಹದಿನೈದು ಬಂತು. ಪ್ರತಿ ಪಟ್ಟಿಯ ಕೊನೆಗೆ ಡಾಕ್ಟರು ಒಂದು ತಾಳೆಯ ಅಂಕಿ ಇಟ್ಟಿದ್ದರು. ಪಟ್ಟಿಯೆಲ್ಲ ಸರಿಯಿದ್ದರೆ ಮಾತ್ರ ಅದು ಹೊಂದುತ್ತದೆ. ಜಲೀಲ್ ಸಾಹೇಬರದು ಹೊಂದಿತು. ಅವನು ಐಸಿಯನ್ನು ಬೆಳಕಿಗೆ ಹಿಡಿದು ನೋಡಿದ. ಕುಂಕುಮದ ಪದರ ಇದ್ದದ್ದು ಆ ಅರ್ಧದ ಮೇಲೆ. ಅದು ಬಿಸಿಲನ್ನು ತಡೆದಿತ್ತು. ನಾಲ್ಕನೇ ನಂಬರು ಇದ್ದದ್ದು ಹೊಳೆಯುವ ಅರ್ಧದಲ್ಲಿ.

ಬುಧವಾರವಿಡೀ ಆ ಅರ್ಧದ ಜೊತೆ ಗುದ್ದಾಡಿದ. ನಾಲ್ಕಕ್ಕೆ ಇಳಿಸಿದ, ಮೂರೂ ಮುಕ್ಕಾಲಿಗೆ ಇಳಿಸಿದ. ಅದಕ್ಕಿಂತ ಕೆಳಗೆ ಐಸಿ ಉಸಿರಾಡುವುದನ್ನೇ ಬಿಡುತ್ತಿತ್ತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಂಜುಗಡ್ಡೆಯ ಮೇಲಿಟ್ಟು ಓದಿದ. ಒಂದು ಜಾಗವನ್ನೇ ಸಾವಿರ ಸಲ ಓದಿಸಿ ಸರಾಸರಿ ತೆಗೆದ. ಅವಳ ಪಟ್ಟಿಯಲ್ಲಿ ಸಾವಿರದ ಇಪ್ಪತ್ತನಾಲ್ಕು ಜಾಗ. ಸಂಜೆಯ ಹೊತ್ತಿಗೆ ನಂಬಬಹುದಾದದ್ದು ಇನ್ನೂರ ಹನ್ನೊಂದು. ಉಳಿದದ್ದನ್ನು ಊಹಿಸಿ ತುಂಬಿಸಿ, ತಾಳೆಯ ಅಂಕಿಯನ್ನೂ ಸುಳ್ಳು ಬರೆದರೆ ಬಿಲ್ಲೆ ಒಪ್ಪಿಕೊಳ್ಳುತ್ತಿತ್ತು. ಆ ಯೋಚನೆಯೂ ಬಂತು. ಆದರೆ ಏಳನೇ ನಂಬರಿನ ಹುಡುಗಿಗೆ ಒಮ್ಮೆ ತಪ್ಪು ಪಟ್ಟಿ ತುಂಬಿ, ಅವಳು ಫಿಟ್ಸ್ ಬಂದು ಕುರ್ಚಿಯಿಂದ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ಹುಡುಗಿ ಆಮೇಲೆ ಏಳಲಿಲ್ಲ. ಗುರುಮಲ್ಲಪ್ಪ ಸಪ್ಲೈ ಆರಿಸಿ ಬೆಂಚಿನ ಮೇಲೆ ತಲೆಯಿಟ್ಟು ಅತ್ತ. ಅರವತ್ತೇಳು ವರ್ಷದ ಗಂಡಸು, ಮೂರು ಮೀಟರುಗಳ ಮುಂದೆ ಕೂತು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಊಟಕ್ಕೆ ಕೂತಾಗ ಸರ್ವಮಂಗಳ ಅವನ ಮುಖ ನೋಡಿದಳು. ಈಗ ಅವಳು ಪದಗಳನ್ನು ಅಳೆದು ಅಳೆದು ಆಡುತ್ತಿದ್ದಳು.

"ಆಗ್ಲಿಲ್ವಾ?"

"ಇಲ್ಲ."

"ಸಾಹೇಬ್ರದು?"

"ಅವರದು ಸಿಕ್ತು. ಪೂರ್ತಿ."

"ಸದ್ಯ. ಒಬ್ರದಾದ್ರೂ ಬಾಗಿಲು..." ಪದ ತಪ್ಪಿತೆಂದು ಅವಳಿಗೇ ಗೊತ್ತಾಗಿ ನಿಂತಳು. ಅನ್ನ ಕಲಸುತ್ತಾ ಮತ್ತೆ ಕೇಳಿದಳು: "ನಿಜ ಹೇಳಿ. ಆ ಇನ್ನೊಂದಕ್ಕೆ ಏನಾಗಿತ್ತು? ದೇವರ ಮುಂದೆ ಅಷ್ಟು ಜೋಪಾನವಾಗಿ ಇಟ್ಟಿದ್ನಲ್ಲ."

"ಹೇಳಿದ್ನಲ್ಲ. ವಯಸ್ಸಾಗಿತ್ತು."

ಅವನು ತಟ್ಟೆ ಬಿಟ್ಟು ಕಣ್ಣೆತ್ತಲಿಲ್ಲ.

ಗುರುವಾರದ ಹೊತ್ತಿಗೆ ಅಜ್ಜಯ್ಯನಿಗೆ ಹೊಸ ಕೆಪಾಸಿಟರು ಬಿದ್ದಿದ್ದವು, ಹೊಸ ಐಸಿಯಲ್ಲಿ ಜಲೀಲ್ ಸಾಹೇಬರ ಪಟ್ಟಿ ಕೂತಿತ್ತು. ಮಧ್ಯಾಹ್ನ ಸಾಹೇಬರು ಬಸ್ಸಿಳಿದು ಬಂದರು. ಅವರದೂ ಮೂವತ್ತೊಂಬತ್ತನೇ ದಿನ. ಕೈಯಲ್ಲೇ ಹೆಚ್ಚು ಮಾತು. ಸುರುಳಿ ಒತ್ತಿಸಿಕೊಂಡು ಕುರ್ಚಿಯಲ್ಲಿ ಕೂತಿರುವ ಇಪ್ಪತ್ತು ನಿಮಿಷ ಗುರುಮಲ್ಲಪ್ಪ ಅವರ ಮುಂದೆ ಎಲ್ಲ ಕಕ್ಕಿಕೊಂಡ. ಮೂರು ದಿನದಿಂದ ಯಾರಿಗಾದರೂ ಹೇಳಬೇಕೆಂದು ಗಂಟಲಿಗೆ ಬಂದು ನಿಂತಿತ್ತು. ಕಾಗದ ಕಿತ್ತದ್ದು, ಬಿಸಿಲು, ಕುಂಕುಮ, ಅರ್ಧ ಉಳಿದದ್ದು, ಅರ್ಧ ಹೋದದ್ದು. ಸಾಹೇಬರು ಅವನ ಕೈ ಹಿಡಿದುಕೊಂಡು ಕೇಳಿದರು. ಇದನ್ನು ಅವಳಿಗೆ ಹೇಳಿಲ್ಲ, ಹೇಳಬೇಡಿ ಎಂಬ ಒಂದು ಮಾತು ಸೇರಿಸುವುದನ್ನು ಅವನು ಮರೆತ. ಎದುರಿಗೆ ಕೂತವರಿಗೆ ಇನ್ನು ಸ್ವಲ್ಪ ಹೊತ್ತಿಗೆ ಮಾತು ಬರುತ್ತದೆ ಎಂಬುದೇ ಆ ಕ್ಷಣಕ್ಕೆ ಅವನ ತಲೆಯಲ್ಲಿರಲಿಲ್ಲ.

ಪರದೆಯಲ್ಲಿ ಅಂಕಿಗಳು ನಿಂತವು. ಸಾಹೇಬರು ಗಂಟಲು ಸರಿಮಾಡಿಕೊಂಡು ಪ್ರತಿ ಸಲದ ಹಾಗೆ ನಿಲ್ದಾಣಗಳ ಹೆಸರು ಹೇಳಿ ಪರೀಕ್ಷೆ ಮಾಡಿಕೊಂಡರು. "ವರುಣ, ಗರ್ಗೇಶ್ವರಿ, ನರಸೀಪುರ." ಎಲ್ಲ ಸರಿಯಾಗಿ ಬಂತು. ಕಣ್ಣೊರೆಸಿಕೊಂಡು ಎದ್ದವರೇ ಸೀದಾ ಅಡಿಗೆಮನೆಯ ಬಾಗಿಲಿಗೆ ಹೋದರು. ಗುರುಮಲ್ಲಪ್ಪ ಅಜ್ಜಯ್ಯನ ಸ್ವಿಚ್ಚು ಆರಿಸಿ ಹಿಂದೆ ಬರುವಷ್ಟರಲ್ಲಿ ಅವರು ಅರ್ಧ ಹೇಳಿ ಮುಗಿಸಿದ್ದರು.

"...ನಿಮ್ಮ ಋಣ ಹೇಗೆ ತೀರಿಸ್ಲಿ ಅಮ್ಮಾವ್ರೇ. ನೀವು ಆ ಐಸಿ ಮೇಲೆ ಕುಂಕುಮ ಇಟ್ಟಿದ್ದಕ್ಕೇ ನನ್ನ ಪಟ್ಟಿ ಉಳೀತಂತೆ, ಸಾರ್ ಹೇಳಿದ್ರು. ಇಲ್ಲಾಂದ್ರೆ ಆ ಕಾಗದ ಕಿತ್ತಿದ್ದಕ್ಕೆ ಬಿಸಿಲು ಹೊಡೆದು ನಿಮ್ಮದರ ಜೊತೆ ನಂದೂ ಅಳಿಸಿಹೋಗ್ತಿತ್ತಂತೆ..."

ಸರ್ವಮಂಗಳಳ ಮುಖ ನೋಡಿ ಅವರು ಅಲ್ಲಿಗೇ ನಿಲ್ಲಿಸಿದರು. ಹಿಂದೆ ತಿರುಗಿ ಗುರುಮಲ್ಲಪ್ಪನ ಮುಖ ನೋಡಿದರು. ಏನು ಮಾಡಿಬಿಟ್ಟೆ ಎಂಬುದು ತಿಳಿದು, ಚಪ್ಪಲಿ ಮೆಟ್ಟಿಕೊಂಡು ತಲೆ ತಗ್ಗಿಸಿ ಗೇಟು ದಾಟಿದರು.

ಅವಳು ದೇವರಮನೆಯ ಕಡೆ ನೋಡಿದಳು. ಆಮೇಲೆ ಗಂಡನ ಕಡೆ.

"ಮಂಗಳ, ಆ ಕಾಗದ ಯಾಕಿದೆ ಅಂತ ನಾನೇ ನಿಂಗೆ ಹೇಳಿರ್ಲಿಲ್ಲ. ತಪ್ಪು ನಂದು" ಎಂದ.

ಅವಳು ನಾಲ್ಕು ಬೆರಳೆತ್ತಿ ತೋರಿಸಿದಳು. "ಸೋ... ಸೋಮ..." ಎಂದಳು. "ನಾಲ್ಕು... ನಾಲ್ಕು ಚೀಲ." ತಲೆ ಕೊಡವಿ ಮತ್ತೆ, "ಚೀಲ" ಎಂದಳು. ಸಿಟ್ಟಿನಿಂದ ಕಟ್ಟೆಯನ್ನು ಅಂಗೈಯಿಂದ ಬಡಿದಳು.

ಅವನಿಗೆ ಅರ್ಥವಾಯಿತು. ಸೋಮವಾರವೇ ಹೇಳಿದ್ದರೆ ಅವಳ ಬಳಿ ನಾಲ್ಕು ದಿನದ ಮಾತಿತ್ತು. ಅಷ್ಟನ್ನೂ ಅವನು ಸಾರಿಗೂ ಅಕ್ಕನ ಫೋನಿಗೂ ಖರ್ಚಾಗಲು ಬಿಟ್ಟು, ಅವಳು ಆಡಲೇಬೇಕಾದ ಒಂದು ಮಾತಿಗೆ ಏನೂ ಉಳಿಸಿರಲಿಲ್ಲ. ಆ ಮಾತು ಏನೆಂದು ಮಾತ್ರ ಅವನಿಗೆ ತಿಳಿಯಲಿಲ್ಲ.

ಸ್ಟೂಲು ಎಳೆದುಕೊಂಡು ಅವಳ ಎದುರು ಕೂತ. "ಬೈಬೇಕಾ ನನ್ನ? ಬೈದುಬಿಡು, ಯಾವ ಪದ ಬಂದ್ರೂ ಆಗುತ್ತೆ."

ಅವಳು ಇಲ್ಲ ಎಂದು ತಲೆಯಾಡಿಸಿದಳು. ತುಟಿ ಅಲುಗಾಡಿತು, ಸದ್ದು ಬರಲಿಲ್ಲ.

"ನಿಂದೇ ತಪ್ಪು ಅಂತೀಯಾ? ಖಂಡಿತ ಅಲ್ಲ."

ಅದಕ್ಕೂ ಇಲ್ಲ ಎಂದಳು.

"ನಾನು ಸುಳ್ಳು ಹೇಳಿದ್ನಲ್ಲ, ಅದಕ್ಕಾ?"

ಇಲ್ಲ.

"ಮೊನ್ನೆ ನೀನು ಹೇಳಿದ್ದು ಕೇಳಲಿಲ್ಲ, ಅದಾ? ಹೆದರಿಕೆ ಆಗ್ತಿದ್ಯಾ? ನನ್ನ ಬಿಟ್ಟು ಗೌರಾಂಬನ ಮನೆಗೆ ಹೋಗ್ತೀಯಾ?"

ಒಂದೊಂದಕ್ಕೂ ಅವಳು ತಲೆಯಾಡಿಸಿದಳು. ಅವನ ಎರಡೂ ಕೈ ಹಿಡಿದುಕೊಂಡು, ಅವನ ಕಣ್ಣನ್ನೇ ನೋಡುತ್ತಾ, ಇವನಿಗೆ ಇಷ್ಟೂ ಹೊಳೆಯುವುದಿಲ್ಲವೇ ಎಂಬಂತೆ ತಲೆಯಾಡಿಸಿದಳು. ಗುರುಮಲ್ಲಪ್ಪ ತನಗೆ ತೋಚಿದ್ದೆಲ್ಲ ಕೇಳಿದ. ಕೇಳಲು ಅವನ ಬಳಿ ಮಾತು ಮುಗಿಯಿತು. ಅವಳು ಇನ್ನೂ ಇಲ್ಲ, ಇಲ್ಲ ಎನ್ನುತ್ತಲೇ ಇದ್ದಳು.